ಎರಡನೆಯ ಸಲ ತಟ್ಟುವ ಮುನ್ನ

(ಬಾನುಲಿ ಭಾಷಣ)



ಪರರ ಮನೆಯ ಬಾಗಿಲನ್ನು ಒಮ್ಮೆ ತಟ್ಟಿದ ಮೇಲೆ ಎಷ್ಟು ಹೊತ್ತು ಕಾಯಬೇಕೆಂಬುದನ್ನು ನಮಗೆ ಯಾರೂ ಪಾಠ ಹೇಳಿ ಕಲಿಸಿಲ್ಲ. ಆದರೂ ನಾವೆಲ್ಲರೂ ಅದನ್ನು ಬಲ್ಲೆವು. ತಟ್ಟಿದ ಮರುಕ್ಷಣವೇ ಮತ್ತೆ ತಟ್ಟಿದರೆ ಒಳಗಿನವರಿಗೆ ಕಿರಿಕಿರಿ. ಮನೆಯಲ್ಲಿ ವೃದ್ಧರೊಬ್ಬರೇ ಇದ್ದು, ಹಿತ್ತಿಲಿನಿಂದ ಕೋಲೂರಿಕೊಂಡು ಬರುತ್ತಿದ್ದರಂತೂ ಅದು ಹಿಂಸೆಯೇ ಸರಿ. ಹಾಗೆಂದು ಒಮ್ಮೆ ತಟ್ಟಿ, ಉತ್ತರವಿಲ್ಲದೆ ಸಂಜೆಯವರೆಗೂ ಜಗಲಿಯ ಮೇಲೆ ನಿಲ್ಲುವವನನ್ನು ಯಾರೂ ವಿವೇಕಿಯೆನ್ನುವುದಿಲ್ಲ. ಈ ಎರಡರ ನಡುವೆ ಎಲ್ಲಿಯೋ ಒಂದು ಅಳತೆಯಿದೆ. ಆ ಅಳತೆಗೆ ನಾವು ಮರ್ಯಾದೆಯೆಂದು ಹೆಸರಿಟ್ಟಿದ್ದೇವೆ.

ಮನುಷ್ಯರು ಬಳಕೆಯಿಂದ ಕಲಿತ ಈ ಮರ್ಯಾದೆಯನ್ನು ಗಣಕಯಂತ್ರಗಳಿಗೆ ಅಂಕಿಗಳಲ್ಲಿ ಕಲಿಸಬೇಕಾಯಿತು. ಅದನ್ನು ಕಲಿಸಿದವರು ಯಾರು, ಕಲಿಸುವ ಅಗತ್ಯ ಏಕೆ ಬಂತು, ಕಲಿಸಿದ್ದನ್ನು ನನ್ನಂಥವನೊಬ್ಬ ತಿಳಿಯದೆ ಕೆಡಿಸಿದಾಗ ಏನಾಯಿತು ಎಂಬ ಮೂರು ಸಂಗತಿಗಳನ್ನು ಈ ಹೊತ್ತು ನಿಮ್ಮ ಮುಂದೆ ಇಡಬಯಸುತ್ತೇನೆ.

ಪ್ರತಿಯೊಂದು ಗಣಕದಲ್ಲಿಯೂ, ನಮ್ಮ ಜೇಬಿನ ಫೋನಿನಲ್ಲಿಯೂ, ಆಪರೇಟಿಂಗ್ ಸಿಸ್ಟಮ್ ಎಂಬ ಮೂಲ ತಂತ್ರಾಂಶವಿರುತ್ತದೆ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೊದಲಾದ ಹೆಸರುಗಳನ್ನು ನೀವು ಕೇಳಿಯೇ ಇರುತ್ತೀರಿ. ಯಂತ್ರದೊಳಗಿನ ಗೃಹಕೃತ್ಯವೆಲ್ಲ ಅದರದು. ಹೊರಗಿನ ಯಂತ್ರಗಳೊಡನೆ ಮಾತು ಬೆಳೆಸುವುದೂ ಅದರ ಕೆಲಸವೇ. ಈ ಮಾತುಕತೆ ಹೇಗೆ ನಡೆಯಬೇಕು, ಉತ್ತರಕ್ಕಾಗಿ ಎಷ್ಟು ಕಾಯಬೇಕು, ಎಷ್ಟು ಸಲ ಮತ್ತೆ ಕೇಳಬೇಕು, ಯಾವಾಗ ಕೈಬಿಡಬೇಕು ಎಂಬ ನೂರಾರು ಅಂಕಿಗಳನ್ನು ಅದನ್ನು ರಚಿಸಿದವರು ಮೊದಲೇ ತುಂಬಿ ಕಳುಹಿಸಿರುತ್ತಾರೆ. ಹೀಗೆ ಮೊದಲೇ ತುಂಬಿಟ್ಟ ಅಂಕಿಗೆ ಡೀಫಾಲ್ಟ್ ಎಂದು ಹೆಸರು. ಬ್ಯಾಂಕಿನವರ ಬಾಯಲ್ಲಿ ಅದೇ ಪದಕ್ಕೆ ಸಾಲದ ಕಂತು ತಪ್ಪಿಸುವುದೆಂಬ ಅರ್ಥವಿರುವುದರಿಂದ, ಗೊಂದಲ ಬೇಡವೆಂದು ನಾನು ಅದನ್ನು ಪೂರ್ವನಿಶ್ಚಯವೆಂದು ಕರೆಯುತ್ತೇನೆ. ಯಂತ್ರವನ್ನು ಬಳಸುವ ಸಾವಿರ ಜನರಲ್ಲಿ ಒಬ್ಬರಾದರೂ ಈ ಅಂಕಿಗಳನ್ನು ತೆರೆದು ನೋಡುತ್ತಾರೋ ಇಲ್ಲವೋ. ಎಲ್ಲರೂ ಅವುಗಳ ಆಶ್ರಯದಲ್ಲಿಯೇ ಬದುಕುತ್ತಾರೆ.

ಯಂತ್ರವೊಂದು ದೂರದ ಇನ್ನೊಂದು ಯಂತ್ರದೊಡನೆ ಸಂಪರ್ಕ ಬೆಳೆಸುವ ಕ್ರಮವನ್ನು ಟಿ.ಸಿ.ಪಿ. ಎನ್ನುತ್ತಾರೆ. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು 1974ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಅದು ಬೆಳೆದು ಬಂದಿತು. 1983ರ ಜನವರಿ 1ರಂದು ಅಂದಿನ ಆರ್ಪಾನೆಟ್ ಜಾಲವು ಈ ಕ್ರಮಕ್ಕೆ ತಿರುಗಿತು. ಇಂದಿನ ಅಂತರಜಾಲದ ಮೂಲ ಅಲ್ಲಿದೆ. ಈ ಕ್ರಮದಲ್ಲಿ ಸಂಪರ್ಕವು ಮೂರು ಮಾತುಗಳಿಂದ ಆರಂಭವಾಗುತ್ತದೆ. ಮೊದಲ ಯಂತ್ರ 'ಇದ್ದೀರಾ?' ಎನ್ನುತ್ತದೆ. ಎರಡನೆಯದು 'ಇದ್ದೇನೆ, ನನ್ನ ದನಿ ನಿಮಗೆ ಕೇಳಿಸಿತೇ?' ಎನ್ನುತ್ತದೆ. ಮೊದಲನೆಯದು 'ಕೇಳಿಸಿತು' ಎನ್ನುತ್ತದೆ. ಇಷ್ಟಾದ ಬಳಿಕವೇ ವಿಷಯಕ್ಕೆ ಬರುವುದು.

ಕಷ್ಟವಿರುವುದು ಮೊದಲ ಮಾತಿಗೆ ಉತ್ತರ ಬಾರದಿದ್ದಾಗ. ಜಾಲದಲ್ಲಿ ಮಾತುಗಳು ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತವೆ. ದಾರಿಯಲ್ಲಿ ಕಟ್ಟೊಂದು ಕಳೆದುಹೋದರೆ ಸಾಮಾನ್ಯವಾಗಿ ಯಾರೂ ಬಂದು ತಿಳಿಸುವುದಿಲ್ಲ. ಆಗ ಯಂತ್ರಕ್ಕೆ ಎದುರಾಗುವುದು ಮೌನವೊಂದೇ. ಆ ಮೌನಕ್ಕೆ ಮೂರು ಅರ್ಥಗಳಿರಬಹುದು. ನಮ್ಮ ಮಾತು ಕಳೆದುಹೋಗಿರಬಹುದು. ಉತ್ತರ ತಡವಾಗಿ ಬರುತ್ತಿರಬಹುದು. ಅಥವಾ ಆ ಕಡೆ ಯಾರೂ ಇಲ್ಲದೆಯೇ ಇರಬಹುದು. ಮೂರೂ ಸಂದರ್ಭಗಳಲ್ಲಿ ಕಿವಿಗೆ ಬೀಳುವ ಮೌನ ಒಂದೇ ಬಗೆಯದು. ಕಳೆದುಹೋಗಿದ್ದರೆ ಮತ್ತೆ ಕೇಳಬೇಕು, ತಡವಾಗಿದ್ದರೆ ಕಾಯಬೇಕು, ಯಾರೂ ಇಲ್ಲದಿದ್ದರೆ ಕೈಬಿಡಬೇಕು. ಯಾವುದೆಂದು ತಿಳಿಯುವ ಉಪಾಯವಿಲ್ಲದ ಯಂತ್ರಕ್ಕೆ, ಇಷ್ಟು ಹೊತ್ತು ಕಾಯಿ, ಇಷ್ಟು ಸಲ ಕೇಳು ಎಂದು ಯಾರಾದರೂ ಮೊದಲೇ ಹೇಳಿಟ್ಟಿರಬೇಕು. ಪೂರ್ವನಿಶ್ಚಯ ಹುಟ್ಟುವುದೇ ಈ ಅಜ್ಞಾನದಿಂದ.

ಮೊದಮೊದಲು ಈ ಅಳತೆ ಸರಿಯಾಗಿರಲಿಲ್ಲ. ಅದರ ಫಲ 1986ರ ಅಕ್ಟೋಬರ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿಯ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದ ದೂರ 400 ಗಜ. ಇವೆರಡರ ನಡುವೆ ಸೆಕೆಂಡಿಗೆ 32,000 ಬಿಟ್‌ಗಳಷ್ಟು ಸಾಗುತ್ತಿದ್ದ ಮಾಹಿತಿ ಇದ್ದಕ್ಕಿದ್ದಂತೆ 40 ಬಿಟ್‌ಗಳಿಗೆ ಇಳಿದುಹೋಯಿತು. ಎಂಟುನೂರರಲ್ಲಿ ಒಂದು ಪಾಲು! ಒಂದು ಇಂಗ್ಲಿಷ್ ಅಕ್ಷರಕ್ಕೆ 8 ಬಿಟ್‌ಗಳೆಂದು ಹಿಡಿದರೆ ಸೆಕೆಂಡಿಗೆ 5 ಅಕ್ಷರಗಳಾದವು. 400 ಗಜ ನಡೆಯಲು ಐದು ನಿಮಿಷ ಸಾಕು. ಐದು ನಿಮಿಷಗಳಲ್ಲಿ ಆ ಮಾರ್ಗದಲ್ಲಿ ಸಾಗುತ್ತಿದ್ದುದು 1,500 ಅಕ್ಷರಗಳು, ಎಂದರೆ ಒಂದು ಪುಟದಷ್ಟು. ಕೈಯಲ್ಲಿ ಎರಡು ಪುಟಗಳನ್ನು ಹಿಡಿದು ನಿಧಾನವಾಗಿ ನಡೆದುಹೋದ ಜವಾನನೂ ಅಂದು ಆ ಜಾಲವನ್ನು ಸೋಲಿಸಬಹುದಾಗಿತ್ತು.

ಅಲ್ಲಿ ಯಾವ ತಂತಿಯೂ ತುಂಡಾಗಿರಲಿಲ್ಲ. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಕೆಟ್ಟಿದ್ದುದು ತಾಳ್ಮೆ. ದಾರಿಯಲ್ಲಿ ದಟ್ಟಣೆಯಾದಾಗ ಉತ್ತರಗಳು ತಡವಾದವು. ತಡವಾದುದನ್ನು ಕಳೆದುಹೋದುದೆಂದು ಬಗೆದ ಯಂತ್ರಗಳು ಅದೇ ಕಟ್ಟನ್ನು ಮತ್ತೆ ಕಳುಹಿಸಿದವು. ಒಂದಿದ್ದಲ್ಲಿ ಎರಡಾದವು, ಎರಡಿದ್ದಲ್ಲಿ ನಾಲ್ಕಾದವು; ದಟ್ಟಣೆ ಹೆಚ್ಚಿತು. ಹೆಚ್ಚಿದ ದಟ್ಟಣೆಯಿಂದ ಇನ್ನಷ್ಟು ತಡ, ಇನ್ನಷ್ಟು ತಡದಿಂದ ಇನ್ನಷ್ಟು ಮರುರವಾನೆ. ಕೊನೆಗೆ ದಾರಿಯನ್ನೆಲ್ಲ ತುಂಬಿದ್ದುದು ಬಹುಪಾಲು ಒಮ್ಮೆ ಕಳುಹಿಸಿದ ಮಾತಿನ ಪ್ರತಿಗಳೇ. ಇಂಥದು ಆಗಬಹುದೆಂದು ಜಾನ್ ನೇಗಲ್ ಎಂಬುವರು 1984ರಲ್ಲಿಯೇ ಬರೆದು ಎಚ್ಚರಿಸಿದ್ದರು. ಎಲ್ಲ ಎಚ್ಚರಿಕೆಗಳ ಹಣೆಬರಹದಂತೆ ಅದಕ್ಕೂ ಅನಾಹುತ ನಡೆದ ಮೇಲೆಯೇ ಓದುಗರು ಹೆಚ್ಚಿದರು.

ಆ ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್‌ಸನ್, ಬರ್ಕ್‌ಲಿಯಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಬೆಳೆಸುತ್ತಿದ್ದ ಮೈಕೆಲ್ ಕ್ಯಾರಲ್ಸ್ ಅವರೊಡನೆ ಸೇರಿ ಈ ವ್ಯಾಧಿಗೆ ಮದ್ದು ಹುಡುಕಿದರು. 1988ರಲ್ಲಿ ಪ್ರಕಟವಾದ ಅವರ ಪ್ರಬಂಧ ಇಂದಿಗೂ ಆ ಕ್ಷೇತ್ರದವರಿಗೆ ಪಾಠ. ಅವರ ಉಪಾಯಗಳನ್ನು ಲೋಕದ ಮಾತಿನಲ್ಲಿ ಹೇಳುವುದಾದರೆ ಹೀಗೆ: ಮಾತನ್ನು ಸಣ್ಣದಾಗಿ ಆರಂಭಿಸು, ಉತ್ತರ ಬಂದ ಹಾಗೆ ಹೆಚ್ಚಿಸು. ಉತ್ತರ ಬರಲು ಸರಾಸರಿ ಎಷ್ಟು ಹೊತ್ತಾಗುತ್ತದೆ ಎಂಬುದನ್ನಷ್ಟೇ ಅಲ್ಲ, ಅದು ಎಷ್ಟು ಏರಿಳಿಯುತ್ತದೆ ಎಂಬುದನ್ನೂ ಗಮನಿಸು. ಉತ್ತರ ಬಾರದಿದ್ದರೆ ನಿನ್ನ ವೇಗವನ್ನು ತಗ್ಗಿಸು. ಎರಡನೆಯ ಸಲ ಕೇಳಿದ ಮೇಲೆ ಮೊದಲಿಗಿಂತ ಇಮ್ಮಡಿ ಕಾಯಿ, ಮೂರನೆಯ ಸಲ ಕೇಳಿದ ಮೇಲೆ ಅದರ ಇಮ್ಮಡಿ.

ಇದು ಎಷ್ಟು ವಿಚಿತ್ರವಾದ ಉಪದೇಶವೆಂಬುದನ್ನು ನೋಡಿ. ಉತ್ತರ ಸಿಗದವನು ದನಿಯೇರಿಸುವುದು ಲೋಕರೂಢಿ. ಇಲ್ಲಿ ಉತ್ತರ ಸಿಗದವನು ದನಿ ತಗ್ಗಿಸಬೇಕು. ದಾರಿಯಲ್ಲಿ ತನ್ನಂತೆಯೇ ಕಾಯುತ್ತಿರುವ, ತಾನೆಂದೂ ಕಾಣದ ಇತರರಿರಬಹುದು ಎಂಬ ಊಹೆಯ ಮೇಲೆ ತಾನು ಹಿಂದೆ ಸರಿಯಬೇಕು. ಈ ನಡತೆಯನ್ನು ಮೊದಲು ಹರಡಿದ್ದು ಯಾವ ಕಾನೂನೂ ಅಲ್ಲ. ಬರ್ಕ್‌ಲಿಯ ಯೂನಿಕ್ಸಿನಲ್ಲಿ ಅದನ್ನು ಪೂರ್ವನಿಶ್ಚಯವಾಗಿ ಸೇರಿಸಿದರು. ಆ ತಂತ್ರಾಂಶ ಹೋದಲ್ಲೆಲ್ಲ ಅದೂ ಹೋಯಿತು. 1989ರಲ್ಲಿ ಜಾಲಕ್ಕೆ ಸೇರುವ ಯಂತ್ರಗಳ ನಿಯಮಾವಳಿಯಲ್ಲಿಯೂ ಅದಕ್ಕೆ ಕಡ್ಡಾಯದ ಸ್ಥಾನ ದೊರೆಯಿತು. ಯಾರೂ ತೆರೆದು ನೋಡದ ಅಂಕಿಗಳೇ ಅಂತರಜಾಲವನ್ನು ಕುಸಿಯದಂತೆ ಹಿಡಿದು ನಿಲ್ಲಿಸಿದವು.

ಹಾಗಾದರೆ ಈ ಅಂಕಿಗಳು ವೇದವಾಕ್ಯವೇ? ಅಲ್ಲ. ಅದೇ 1989ರ ನಿಯಮಾವಳಿಯು ಮೊದಲ ಮಾತಿಗೆ ಉತ್ತರ ಬರಲು 3 ಸೆಕೆಂಡುಗಳ ಕಾಲ ಕಾಯಬೇಕೆಂದು ಹೇಳಿತ್ತು. ಅಂದಿನ ಜಾಲ ನಿಧಾನದ್ದು. ಎರಡು ದಶಕಗಳ ಬಳಿಕ ಅಳೆದು ನೋಡಿದಾಗ, ನೂರಕ್ಕೆ ತೊಂಬತ್ತೇಳೂವರೆಗಿಂತ ಹೆಚ್ಚು ಸಂಪರ್ಕಗಳಲ್ಲಿ ಉತ್ತರವು ಒಂದು ಸೆಕೆಂಡಿನೊಳಗೆ ಬರುತ್ತಿದ್ದುದು ಕಂಡಿತು. ಕಳೆದುಹೋದ ಒಂದೊಂದು ಮೊದಲ ಮಾತಿಗೂ ಜನ 3 ಸೆಕೆಂಡು ಸುಮ್ಮನೆ ಕುಳಿತಿರಬೇಕಾದ ಅಗತ್ಯವೇನು? ಆದುದರಿಂದ 2011ರಲ್ಲಿ ಆ ಅಂಕಿಯನ್ನು 1 ಸೆಕೆಂಡಿಗೆ ಇಳಿಸಿದರು.

ಇಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಆ ಇಳಿಕೆಯಲ್ಲ, ಅದರ ಜೊತೆಗೆ ಬರೆದ ಒಂದು ಸಣ್ಣ ನಿಬಂಧನೆ. ನೂರಕ್ಕೆ ಎರಡೂವರೆಯವರೆಗೆ ಸಂಪರ್ಕಗಳು ನಿಧಾನದವಿರಬಹುದಷ್ಟೆ. ಒಂದು ಸೆಕೆಂಡಿನಲ್ಲಿ ಉತ್ತರ ಬಾರದೆ ಮತ್ತೆ ಕೇಳಬೇಕಾಗಿ ಬಂದರೆ, ಅಂಥ ಸಂಪರ್ಕದಲ್ಲಿ ಮುಂದಿನ ಮಾತುಕತೆಯನ್ನು ಹಳೆಯ 3 ಸೆಕೆಂಡಿನ ಅಳತೆಯಿಂದಲೇ ಆರಂಭಿಸತಕ್ಕದ್ದು ಎಂದು ನಿಯಮ ಹೇಳುತ್ತದೆ. ಬಹುಜನರ ಅನುಕೂಲಕ್ಕಾಗಿ ಅಂಕಿಯನ್ನು ಬದಲಾಯಿಸುವಾಗಲೂ ಹಿಂದೆ ಉಳಿಯಬಹುದಾದ ಕೆಲವರನ್ನು ಅವರು ಮರೆಯಲಿಲ್ಲ.

ಲಿನಕ್ಸಿನಲ್ಲಿ ಹಲವು ವರ್ಷ ನಡೆದುಬಂದ ಲೆಕ್ಕವನ್ನು ಉದಾಹರಣೆಗೆ ಹೇಳುತ್ತೇನೆ. ಮೊದಲು ಕರೆದು 1 ಸೆಕೆಂಡು ಕಾಯುತ್ತದೆ. ಮತ್ತೆ ಕರೆದು 2 ಸೆಕೆಂಡು. ಅನಂತರ 4, 8, 16, 32, ಕೊನೆಯದಾಗಿ 64. ಒಟ್ಟು 127 ಸೆಕೆಂಡುಗಳು. ಅಷ್ಟಾದರೂ ಉತ್ತರವಿಲ್ಲವೆಂದರೆ ಕೈಚೆಲ್ಲುತ್ತದೆ. 2023ರ ಬಳಿಕದ ಆವೃತ್ತಿಗಳಲ್ಲಿ ಮೊದಲ ಕೆಲವು ಕರೆಗಳನ್ನು ಒಂದೊಂದು ಸೆಕೆಂಡಿಗೇ ಮಾಡುವ ಮಾರ್ಪಾಡು ಬಂದಿದೆ. ಆಮೇಲೆ ಅದೇ ಇಮ್ಮಡಿಯ ಕ್ರಮ. ನಮ್ಮ ಫೋನಿನ ತೆರೆಯ ಮೇಲೆ ಸಣ್ಣ ಚಕ್ರವೊಂದು ಸುಮ್ಮನೆ ತಿರುಗುತ್ತಿರುವಾಗ ನಾವು ಬೇಸರದಿಂದ ನಿಟ್ಟುಸಿರಿಡುತ್ತೇವೆ. ಅದರ ಹಿಂದೆ ಒಂದು ಯಂತ್ರ ಹೀಗೆ ಎಣಿಸುತ್ತ, ತಟ್ಟುತ್ತ, ಮತ್ತೆ ಎಣಿಸುತ್ತ ನಿಂತಿರಬಹುದೆಂಬುದು ನಮಗೆ ಹೊಳೆಯುವುದಿಲ್ಲ.

ಇನ್ನೊಂದು ತೊಡಕು ವಿಳಾಸಗಳದು. ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸ ಬೇಕು. ಹಳೆಯ ಪದ್ಧತಿಯಲ್ಲಿ ಅಂಥ ವಿಳಾಸಗಳು ಇರುವುದೇ ಸುಮಾರು 430 ಕೋಟಿ. 2011ರ ಫೆಬ್ರುವರಿ 3ರಂದು ಕೇಂದ್ರ ಭಂಡಾರದಲ್ಲಿ ಉಳಿದಿದ್ದ ಕೊನೆಯ ಕಂತುಗಳನ್ನು ಹಂಚಿ ಮುಗಿಸಿದರು. ಅದಕ್ಕೆ ಮೊದಲೇ ಎರಡು ದಾರಿಗಳನ್ನು ಹುಡುಕಿಟ್ಟುಕೊಂಡಿದ್ದರು. ಒಂದು, ಎಂದೂ ಮುಗಿಯದಷ್ಟು ವಿಳಾಸಗಳಿರುವ ಐ.ಪಿ.ವಿ.6 ಎಂಬ ಹೊಸ ಪದ್ಧತಿ. ಇನ್ನೊಂದು, ಹಲವು ಯಂತ್ರಗಳು ಹೊರಗಿನ ಲೋಕಕ್ಕೆ ಒಂದೇ ವಿಳಾಸವನ್ನು ತೋರಿಸಿ ಬದುಕುವುದು. ದೊಡ್ಡ ವಠಾರವೊಂದಕ್ಕೆ ಬೀದಿಯ ಕಡೆ ಒಂದೇ ಬಾಗಿಲು, ಒಂದೇ ಮನೆಯ ಸಂಖ್ಯೆ ಇರುವಂತೆ.

ಹೊಸ ಪದ್ಧತಿ ಬಂದಾಗ ಆಪರೇಟಿಂಗ್ ಸಿಸ್ಟಮುಗಳು ಸಹಜವಾಗಿಯೇ ಅದಕ್ಕೆ ಮೊದಲ ಮಣೆ ಹಾಕಿದವು. ಆದರೆ ಕೆಲವು ಕಡೆ ಹೊಸ ದಾರಿ ಹೆಸರಿಗೆ ಇತ್ತು, ನಡುವೆ ಎಲ್ಲಿಯೋ ಮುರಿದಿತ್ತು. ಯಂತ್ರವು ಮುರಿದ ದಾರಿಯಲ್ಲಿ ತಟ್ಟುತ್ತ ಹತ್ತಾರು ಸೆಕೆಂಡು ಕಳೆದು, ಆಮೇಲೆ ಹಳೆಯ ದಾರಿ ಹಿಡಿಯುತ್ತಿತ್ತು. ಕುಳಿತವರಿಗೆ ಕಂಡದ್ದು ಇಷ್ಟೇ: ಹೊಸದನ್ನು ಹಾಕಿಸಿಕೊಂಡ ಮೇಲೆ ಪುಟ ತೆರೆಯುವುದಿಲ್ಲ. ಹೀಗಾದರೆ ಹೊಸದನ್ನು ಯಾರು ಒಪ್ಪುತ್ತಾರೆ? ಇದಕ್ಕೆ ಕಂಡುಕೊಂಡ ಪರಿಹಾರ ಸೊಗಸಾದುದು. ಹೊಸ ದಾರಿಯಲ್ಲಿ ಮೊದಲು ಕರೆಯಬೇಕು. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಾರದಿದ್ದರೆ, ಅದನ್ನು ಕೈಬಿಡದೆಯೇ ಹಳೆಯ ದಾರಿಯಲ್ಲಿಯೂ ಕರೆಯಬೇಕು. ಯಾರು ಮೊದಲು ಓಗೊಟ್ಟರೋ ಅವರೊಡನೆ ಮಾತು. 2017ರ ನಿಯಮದಲ್ಲಿ ಆ 'ಸ್ವಲ್ಪ ಹೊತ್ತು' 250 ಮಿಲಿಸೆಕೆಂಡು, ಎಂದರೆ ಕಾಲು ಸೆಕೆಂಡು. ಹೊಸಬನಿಗೆ ಕಾಲು ಸೆಕೆಂಡಿನ ಗೌರವ, ಹಳಬನಿಗೆ ಅವಕಾಶ, ಕಾಯುವವನಿಗೆ ತೊಂದರೆಯಿಲ್ಲ.

ಎರಡನೆಯ ದಾರಿ, ಎಂದರೆ ಒಂದೇ ವಿಳಾಸವನ್ನು ಹಂಚಿಕೊಳ್ಳುವುದು, ಇಷ್ಟು ಸಲೀಸಾಗಿರಲಿಲ್ಲ. ಬಾಗಿಲಲ್ಲಿ ಕುಳಿತ ಪೆಟ್ಟಿಗೆಯು ಒಳಗಿನ ಯಾವ ಯಂತ್ರ ಹೊರಗಿನ ಯಾರೊಡನೆ ಮಾತಾಡುತ್ತಿದೆ ಎಂಬ ಲೆಕ್ಕವನ್ನಿಡಬೇಕು. ಮಾತುಕತೆ ನಡುವೆ ನಿಂತು ಬಹಳ ಹೊತ್ತಾದರೆ ಅದು ಲೆಕ್ಕವನ್ನು ಅಳಿಸಿಬಿಡುತ್ತದೆ, ಸಂಪರ್ಕ ಕಡಿಯುತ್ತದೆ. ಆದರೆ ಸುಮ್ಮನಿರುವ ಸಂಪರ್ಕ ಜೀವಂತವಿದೆಯೇ ಎಂದು ಯಂತ್ರವು ವಿಚಾರಿಸಬಯಸಿದರೂ ಎರಡು ಗಂಟೆಯೊಳಗೆ ವಿಚಾರಿಸುವುದು ಪೂರ್ವನಿಶ್ಚಯವಾಗಿರಬಾರದೆಂದು 1989ರ ನಿಯಮವಿತ್ತು. ಆದುದರಿಂದ 2008ರಲ್ಲಿ ಈ ಪೆಟ್ಟಿಗೆಗಳಿಗೆ ನಿಯಮ ಬರೆದವರು, ನೆಲೆಗೊಂಡ ಸಂಪರ್ಕದ ಲೆಕ್ಕವನ್ನು ಕನಿಷ್ಠಪಕ್ಷ 2 ಗಂಟೆ 4 ನಿಮಿಷ ಅಳಿಸಬಾರದೆಂದರು. ಆ ನಾಲ್ಕು ನಿಮಿಷ ಅಲ್ಲಿಯವನು ವಿಚಾರಿಸಲು ಹೊರಟ ಮಾತು ಬಂದು ತಲುಪುವವರೆಗಿನ ಅವಕಾಶ. ಒಂದು ಅಂಕಿ ಇನ್ನೊಂದು ಅಂಕಿಯ ಮುಖ ನೋಡಿಕೊಂಡು ಬದುಕುತ್ತದೆ. ಪೆಟ್ಟಿಗೆಗಳೆಲ್ಲ ಈ ನಿಯಮವನ್ನು ಪಾಲಿಸುತ್ತವೆಂದಲ್ಲ. ಪಾಲಿಸದಿರುವಲ್ಲಿ ಸಂಪರ್ಕಗಳು ಕಾರಣವಿಲ್ಲದೆ ಸತ್ತಂತೆ ಕಾಣುತ್ತವೆ.

ಇಷ್ಟು ಹೊತ್ತು ನಾನು ಇತರರ ಬುದ್ಧಿವಂತಿಕೆಯನ್ನು ಹೇಳಿದೆ. ಇನ್ನು ನನ್ನ ಅವಿವೇಕವನ್ನು ಹೇಳದಿದ್ದರೆ ಈ ಭಾಷಣ ಪೂರ್ಣವಾಗುವುದಿಲ್ಲ.

2014ರಲ್ಲಿ ನಾನು ಒಂದು ವಿದ್ಯಾಸಂಸ್ಥೆಯ ಗಣಕ ವಿಭಾಗದಲ್ಲಿದ್ದೆ. ಪ್ರವೇಶದ ಅರ್ಜಿಗಳನ್ನು ಜಾಲದ ಮೂಲಕವೇ ಸಲ್ಲಿಸುವ ಏರ್ಪಾಡು ಆಗಿತ್ತು. ಅರ್ಜಿಯ ಕೊನೆಯ ವಾರ. ನಮ್ಮ ಸರ್ವರ್ ಯಂತ್ರದ ಮೇಲೆ ವಿಪರೀತ ಭಾರ. ಅದು ಲಿನಕ್ಸ್ ಯಂತ್ರ. ಸಂಪರ್ಕಗಳ ಪಟ್ಟಿಯನ್ನು ತೆಗೆದು ನೋಡಿದೆ. ಮಾತು ಮುಗಿಸಿದ ಸಂಪರ್ಕಗಳೇ ಅಲ್ಲಿ ಸಾವಿರಗಟ್ಟಲೆ ಇದ್ದವು. ಸಂಪರ್ಕವೊಂದು ಮುಗಿದ ಮೇಲೂ ಅದರ ನೆನಪನ್ನು ಲಿನಕ್ಸ್ 60 ಸೆಕೆಂಡುಗಳ ಕಾಲ ಇಟ್ಟುಕೊಳ್ಳುತ್ತದೆ. ದಾರಿಯಲ್ಲಿ ಅಲೆದು ತಡವಾಗಿ ಬಂದ ಹಳೆಯ ಕಟ್ಟೊಂದು ಹೊಸ ಸಂಪರ್ಕದೊಳಗೆ ನುಸುಳಿ ಗೊಂದಲ ಮಾಡದಿರಲೆಂಬುದು ಅದರ ಉದ್ದೇಶ. ಈ ನೆನಪಿನ ಭಾರ ನಿಜವಾಗಿ ಅಲ್ಪವೇ. ಆದರೆ ನನ್ನ ಕಣ್ಣಿಗೆ ಅದು ಗುಡಿಸದೆ ಬಿಟ್ಟ ಕಸದಂತೆ ಕಂಡಿತು.

ಈ ಕಸವನ್ನು ಬೇಗನೆ ಗುಡಿಸುವ ಒಂದು ಗುಂಡಿ ಲಿನಕ್ಸಿನಲ್ಲಿ ಆಗ ಇತ್ತು. ಅದರ ಪೂರ್ವನಿಶ್ಚಯ ಸೊನ್ನೆ, ಎಂದರೆ ನಿಷ್ಕ್ರಿಯ. ತಜ್ಞರ ಸಲಹೆಯಿಲ್ಲದೆ ಇದನ್ನು ಬದಲಾಯಿಸಬಾರದೆಂದು ಅದರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದನ್ನು ಬದಲಾಯಿಸಿದರೆ ಸರ್ವರ್ ಚುರುಕಾಗುತ್ತದೆಂದು ಹೇಳುವವರೂ ಅಂದು ಬಹಳ ಮಂದಿ ಇದ್ದರು. ನಾನು ತಜ್ಞನಾಗಿರಲಿಲ್ಲ, ತಜ್ಞರನ್ನು ಕೇಳಲೂ ಇಲ್ಲ. ಸೊನ್ನೆಯನ್ನು ಒಂದು ಮಾಡಿದೆ. ಪಟ್ಟಿ ಕರಗಿತು. ನನ್ನ ಮೇಜಿನ ಗಣಕದಲ್ಲಿ ಪುಟ ಥಟ್ಟನೆ ತೆರೆಯಿತು. ಅಂದು ಸಂಜೆ ನಾನು ಮನೆಗೆ ಬೀಗುತ್ತಲೇ ಹೋದೆ.

ಮರುದಿನ ಬೆಳಿಗ್ಗೆ ದೂರದ ಜಿಲ್ಲಾ ಕೇಂದ್ರವೊಂದರ ವಿದ್ಯಾರ್ಥಿನಿಯರ ವಸತಿಗೃಹದಿಂದ ವಾರ್ಡನ್ ದೂರವಾಣಿ ಮಾಡಿದರು.

"ಸಾರ್, ನಮ್ಮ ಹುಡುಗಿಯರಿಗೆ ನಿಮ್ಮ ಅರ್ಜಿಯ ಪುಟ ತೆರೆಯುತ್ತಿಲ್ಲ" ಎಂದರು.

ನಾನು ಕುಳಿತಲ್ಲಿಯೇ ತೆರೆದು ನೋಡಿದೆ, ತೆರೆಯಿತು. "ಇಲ್ಲಿ ಎಲ್ಲವೂ ಸರಿಯಾಗಿದೆ ಮೇಡಂ. ನಿಮ್ಮ ಕಡೆಯ ಲೈನಿನಲ್ಲಿ ತೊಂದರೆ ಇರಬೇಕು. ಫೋನುಗಳನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಲು ಹೇಳಿ" ಎಂದೆ.

ಆಕೆ "ಆಗಲಿ ಸಾರ್" ಎಂದು ಇಟ್ಟರು. ಅದರ ಮರುದಿನ ಮತ್ತೆ ಅವರದೇ ಕರೆ.

"ಸಾರ್, ತಪ್ಪು ತಿಳಿಯಬೇಡಿ. ಒಂದು ವಿಚಿತ್ರ ನಡೆಯುತ್ತಿದೆ. ನಾವು ಇಲ್ಲಿ ಇಪ್ಪತ್ತು ಜನಕ್ಕೆ ಒಂದೇ ವೈಫೈ. ಒಬ್ಬ ಹುಡುಗಿಯ ಫೋನಿನಲ್ಲಿ ಮಾತ್ರ ಪುಟ ಬರುತ್ತದೆ. ಅವಳು ಫೋನನ್ನು ಬದಿಗಿಟ್ಟು ಊಟಕ್ಕೆ ಎದ್ದುಹೋದರೆ ಇನ್ನೊಬ್ಬಳಿಗೆ ಬರುತ್ತದೆ. ನಿನ್ನೆ ನೀವು ಹೇಳಿದ ಹಾಗೆ ಆಫ್ ಮಾಡಿ ಆನ್ ಮಾಡಿದವರಿಗಂತೂ ಬರುವುದೇ ಇಲ್ಲ."

ಈ ಮಾತು ಕೇಳಿ ನನ್ನ ಕೈ ತಣ್ಣಗಾಯಿತು. ಕಾರಣ ಆ ಕ್ಷಣದಲ್ಲಿ ಪೂರ್ತಿ ತಿಳಿಯಿತೆಂದಲ್ಲ. ಇದು ಲೈನಿನ ದೋಷವಾಗಿರಲಾರದೆಂಬುದು ತಿಳಿಯಿತು. ಆಮೇಲೆ ಕುಳಿತು ಓದಿದಾಗ ಸಂಗತಿ ಹೊರಬಿದ್ದಿತು.

ಫೋನುಗಳು ತಮ್ಮ ಮಾತಿನ ಕಟ್ಟುಗಳ ಮೇಲೆ ಒಂದು ಕಾಲಮುದ್ರೆಯನ್ನು ಒತ್ತಿ ಕಳುಹಿಸುತ್ತವೆ. ಅದು ನಮ್ಮ ಗೋಡೆಯ ಗಡಿಯಾರದ ಹೊತ್ತಲ್ಲ. ಆಗ ಅದು ಯಂತ್ರವನ್ನು ಹಚ್ಚಿದಂದಿನಿಂದ ಏರುತ್ತ ಬರುತ್ತಿದ್ದ ಎಣಿಕೆಯಾಗಿತ್ತು. ನಾನು ಸೊನ್ನೆಯನ್ನು ಒಂದು ಮಾಡಿದಾಗ ಸರ್ವರ್ ಒಂದು ಹೊಸ ಪದ್ಧತಿಯನ್ನು ಹಿಡಿಯಿತು. ಒಂದೊಂದು ವಿಳಾಸದಿಂದ ಬಂದ ಕೊನೆಯ ಕಾಲಮುದ್ರೆಯನ್ನು ಬರೆದಿಟ್ಟುಕೊಳ್ಳುವುದು. ಒಂದು ನಿಮಿಷದೊಳಗೆ ಅದೇ ವಿಳಾಸದಿಂದ ಅದಕ್ಕಿಂತ ಹಿಂದಿನ ಮುದ್ರೆಯ ಕರೆ ಬಂದರೆ, ಅದು ಹಳೆಯ ಕಟ್ಟೆಂದು ಬಗೆದು ಎಸೆದುಬಿಡುವುದು. ಒಂದು ವಿಳಾಸದ ಹಿಂದೆ ಒಂದೇ ಯಂತ್ರವಿದ್ದರೆ ಈ ತರ್ಕ ಸರಿ. ವಸತಿಗೃಹದಲ್ಲಿ ಒಂದು ವಿಳಾಸದ ಹಿಂದೆ ಇಪ್ಪತ್ತು ಫೋನುಗಳು, ಇಪ್ಪತ್ತು ಎಣಿಕೆಗಳು. ಎಲ್ಲಕ್ಕಿಂತ ಹೆಚ್ಚು ದಿನ ಆರಿಸದೆ ಇಟ್ಟ ಫೋನಿನ ಎಣಿಕೆ ಎಲ್ಲಕ್ಕಿಂತ ದೊಡ್ಡದು. ಅದು ಮಾತಾಡುತ್ತಿರುವಾಗ ಉಳಿದ ಹತ್ತೊಂಬತ್ತರ ಕರೆಗಳೂ ಸರ್ವರಿನ ಕಣ್ಣಿಗೆ ಹಳಸಲು. ಫೋನನ್ನು ಆರಿಸಿ ಹಚ್ಚಿದರೆ ಎಣಿಕೆ ಮೊದಲಿನಿಂದ ಆರಂಭವಾಗುತ್ತಿತ್ತು. ಎಂದರೆ, ನನ್ನ ಸಲಹೆಯನ್ನು ನಂಬಿ ನಡೆದ ಹುಡುಗಿಯರನ್ನು ನಾನೇ ಸರದಿಯ ಕಟ್ಟಕಡೆಗೆ ತಳ್ಳಿದ್ದೆ.

ಇನ್ನೂ ಕಷ್ಟದ ಸಂಗತಿಯೆಂದರೆ, ಸರ್ವರ್ ಈ ಕರೆಗಳನ್ನು ತಿರಸ್ಕರಿಸುತ್ತಿದ್ದುದು ಮೌನವಾಗಿ. 'ಒಳಗೆ ಬರಬೇಡಿ' ಎಂದಾದರೂ ಹೇಳಿದ್ದರೆ ಆ ಫೋನುಗಳು ಅಷ್ಟಕ್ಕೇ ನಿಲ್ಲಿಸುತ್ತಿದ್ದವು. ಮೌನಕ್ಕೆ ಮೂರು ಅರ್ಥವೆಂದು ನಾನು ಆಗಲೇ ಹೇಳಿದೆನಷ್ಟೆ, ಇದು ನಾಲ್ಕನೆಯದು. ಮನೆಯವರು ಬಾಗಿಲ ಸಂದಿನಿಂದ ನೋಡಿಯೂ ತೆರೆಯದಿರುವ ಮೌನ. ಪಾಪ, ಆ ಫೋನುಗಳು 1, 2, 4, 8 ಎಂದು ಎಣಿಸುತ್ತ ಸಭ್ಯವಾಗಿ ಕಾಯುತ್ತಿದ್ದವು. ಬರ್ಕ್‌ಲಿಯವರು ಕಲಿಸಿದ ಮರ್ಯಾದೆಯನ್ನು ಅವು ಪಾಲಿಸಿದವು. ಮರ್ಯಾದೆ ತಪ್ಪಿದವನು ನಾನು.

ಸರ್ವರಿನ ದಿನಚರಿ ಪುಸ್ತಕದಲ್ಲಿ ಇದರ ಸುಳಿವಿರಲಿಲ್ಲ. ಅಲ್ಲಿ ಒಳಗೆ ಬಂದವರ ಲೆಕ್ಕ ಮಾತ್ರ ಬರೆದಿರುತ್ತದೆ. ಆದರೆ ಲಿನಕ್ಸ್ ಒಂದು ಮೂಲೆಯಲ್ಲಿ ಪ್ರಾಮಾಣಿಕವಾಗಿ ಇನ್ನೊಂದು ಎಣಿಕೆಯನ್ನೂ ಇಟ್ಟಿತ್ತು: ಕಾಲಮುದ್ರೆಯ ಕಾರಣದಿಂದ ತಿರಸ್ಕೃತವಾದ ಕರೆಗಳು ಇಷ್ಟು ಎಂದು. ನಾನು ಅದನ್ನು ತೆರೆದು ನೋಡುತ್ತಿದ್ದಂತೆಯೇ ಅದು ಏರುತ್ತಿತ್ತು. ಆ ಅಂಕಿ ಹೇಳುವುದು ಎಷ್ಟು ಸಲ ತಟ್ಟಿದರೆಂಬುದನ್ನು. ತಟ್ಟಿದವರು ಯಾರು, ಎಷ್ಟು ಜನ ಎಂಬುದನ್ನಲ್ಲ.

ಒಂದನ್ನು ಮತ್ತೆ ಸೊನ್ನೆ ಮಾಡಿದೆ. ಎಣಿಕೆ ನಿಂತಿತು. ವಾರ್ಡನ್ ಅವರಿಗೆ ನಾನೇ ದೂರವಾಣಿ ಮಾಡಿ, "ತಪ್ಪು ನಮ್ಮ ಕಡೆಯದೇ ಮೇಡಂ, ನಮ್ಮ ಕಡೆಯದೆಂದರೆ ನನ್ನದು" ಎಂದೆ. ಆಕೆ, "ಹೋಗಲಿ ಬಿಡಿ ಸಾರ್, ಈಗ ಎಲ್ಲರಿಗೂ ಬರುತ್ತಿದೆ" ಎಂದರು. ಮುಖ್ಯಸ್ಥರ ಬಳಿ ಹೋಗಿ ನಡೆದುದನ್ನು ಒಪ್ಪಿಕೊಂಡೆ. ಕೊನೆಯ ದಿನಾಂಕವನ್ನು ಎರಡು ದಿನ ಮುಂದೂಡಿದರು.

ಅಲ್ಲಿಗೆ ಪ್ರಕರಣ ಮುಗಿಯಿತೆಂದು ಕಡತ ಹೇಳುತ್ತದೆ. ನನ್ನ ಮನಸ್ಸು ಹೇಳುವುದಿಲ್ಲ. ಆ ಹುಡುಗಿಯರಿಗೆ ಎರಡನೆಯ ಸಲ ದೂರವಾಣಿ ಮಾಡುವ ವಾರ್ಡನ್ ಇದ್ದರು. ಮೊಬೈಲ್ ಕಂಪನಿಗಳೂ ಸಾವಿರಾರು ಜನರನ್ನು ಕೆಲವೇ ವಿಳಾಸಗಳ ಹಿಂದೆ ಕೂರಿಸುವುದುಂಟು. ಹಾಗೆ ಕುಳಿತು ಆ ಎರಡು ದಿನ ತಟ್ಟಿ, ತಮ್ಮ ಫೋನೇ ಕೆಟ್ಟಿದೆಯೆಂದುಕೊಂಡು ಸುಮ್ಮನಾದವರು ಎಷ್ಟು ಮಂದಿಯೋ! ದಿನಾಂಕ ಮುಂದೂಡಿದ ಪ್ರಕಟಣೆಯೂ ಅದೇ ಪುಟದಲ್ಲಿಯೇ ಇತ್ತು.

2017ರಲ್ಲಿ ಬಂದ ಲಿನಕ್ಸಿನ 4.12ನೆಯ ಆವೃತ್ತಿಯಿಂದ ಆ ಗುಂಡಿಯನ್ನೇ ಕಿತ್ತುಹಾಕಿದರು. ನನ್ನಂಥವರು ಲೋಕದಲ್ಲಿ ಹಲವರಿದ್ದರೆಂಬುದು ಇದರಿಂದ ತಿಳಿಯುತ್ತದೆ. ಆದರೆ ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಪೂರ್ವನಿಶ್ಚಯಗಳನ್ನು ಮುಟ್ಟಲೇಬಾರದೆಂದು ನಾನು ಹೇಳುತ್ತಿಲ್ಲ. ಮುಟ್ಟದಿದ್ದರೆ ಬರ್ಕ್‌ಲಿಯ ಆ 400 ಗಜ ಸರಿಹೋಗುತ್ತಿರಲಿಲ್ಲ. 3 ಸೆಕೆಂಡು ಒಂದಾಗುತ್ತಿರಲಿಲ್ಲ. ಸರ್ವರಿನ ಬಾಗಿಲಲ್ಲಿ ಒಳಗೆ ಕರೆಯಿಸಿಕೊಳ್ಳಲು ಕಾಯುವವರ ಸರದಿಯನ್ನು ಲಿನಕ್ಸ್ ಬಹುಕಾಲ 128ಕ್ಕೆ ಮಿತಿಗೊಳಿಸಿತ್ತು. ಕಾಲ ಬದಲಾಯಿತೆಂದು 2019ರಲ್ಲಿ ಅದನ್ನು 4,096ಕ್ಕೆ ಏರಿಸಿದರು. ಒಳ್ಳೆಯದೇ ಆಯಿತು. ಅವರು ಬದಲಾಯಿಸಿದುದಕ್ಕೂ ನಾನು ಬದಲಾಯಿಸಿದುದಕ್ಕೂ ಇರುವ ವ್ಯತ್ಯಾಸ ಒಂದೇ. 3 ಸೆಕೆಂಡನ್ನು ಒಂದಕ್ಕೆ ಇಳಿಸಿದವರು, ಬದಲಾವಣೆಯಿಂದ ತೊಂದರೆಗೊಳಗಾಗಬಹುದಾದ ನೂರಕ್ಕೆ ಎರಡೂವರೆಯನ್ನು ಹುಡುಕಿ ನೋಡಿದರು. ನಾನು ನನ್ನ ಮೇಜಿನ ಮೇಲಿನ ಗಣಕದಲ್ಲಿ ಪುಟ ತೆರೆಯಿತೇ ಎಂದಷ್ಟೇ ನೋಡಿದೆ. ಎದುರಿಗಿರುವವರ ಬಗ್ಗೆ ಮರ್ಯಾದೆ ಎಲ್ಲರಿಗೂ ಸಾಧ್ಯ. ಅವರ ಮುಖ ನೋಡಿದರೆ ಅದು ತಾನಾಗಿಯೇ ಬರುತ್ತದೆ. ಮುಖ ಕಾಣದವರ ಬಗ್ಗೆ ಇರಬೇಕಾದ ಮರ್ಯಾದೆಯನ್ನು ಯಾರಾದರೂ ಒಮ್ಮೆ ಕುಳಿತು ಯೋಚಿಸಿ, ಅಂಕಿಯಾಗಿ ಬರೆದಿಡಬೇಕಾಗುತ್ತದೆ. ಆ ಸೊನ್ನೆ ಅಂಥದಾಗಿತ್ತು. ಅದನ್ನು ಬರೆದವರು ಆ ವಸತಿಗೃಹವನ್ನು ಕಂಡವರಲ್ಲ. ಆದರೂ ಆ ಹುಡುಗಿಯರ ವಿಷಯದಲ್ಲಿ ನನಗಿಂತ ಹೆಚ್ಚು ಯೋಚಿಸಿದ್ದರು.

ಈಗ ನನಗೆ ವಯಸ್ಸಾಗಿದೆ. ಇಂದಿಗೂ ಯಾರಾದರೂ ದೂರವಾಣಿಯಲ್ಲಿ "ಪುಟ ತೆರೆಯುತ್ತಿಲ್ಲ" ಎಂದರೆ, "ಇಲ್ಲಿ ಎಲ್ಲವೂ ಸರಿಯಾಗಿದೆ" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಅದನ್ನು ನುಂಗಿಕೊಂಡು, "ಅಲ್ಲಿ ನೀವು ಎಷ್ಟು ಜನ ಇದ್ದೀರಿ?" ಎಂದು ಕೇಳುತ್ತೇನೆ.